ತುಕ್ಕು ಹಿಡಿದ ಡಬ್ಬಿಯಲ್ಲಿ ಕಬ್ಬಿಣದ ಕೊರತೆ

ರೋಣದಲ್ಲಿ ನಮ್ಮ ಮನೆಯ ಮಾಳಿಗೆಯ ಮೇಲೆ 14 ಡಬ್ಬಿಗಳಿವೆ. ಒಂಬತ್ತು ತಗಡಿನ ಎಣ್ಣೆ ಡಬ್ಬಿ, ಮೂರು ಬಣ್ಣದ ಬಕೆಟ್ಟು, ಎರಡು ಬಾಯಿ ಒಡೆದ ಪ್ಲಾಸ್ಟಿಕ್ ಕೊಡ. ಇವೆಲ್ಲ ಮೇಲೆ ಹತ್ತಿದ್ದು ನಮ್ಮ ಆಪಾಳ ರಕ್ತ ಪರೀಕ್ಷೆಯ ಚೀಟಿ ಬಂದ ಮೇಲೆ. ಹಿಮೋಗ್ಲೋಬಿನ್ 8.6 ಎಂದು ಅದರಲ್ಲಿತ್ತು. ಆಪಾಳ ವಯಸ್ಸಿನವರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಡಾಕ್ಟರು ಮಾತ್ರೆ ಬರೆದುಕೊಟ್ಟು, ಕಾಯಿಪಲ್ಲೆ ಚೆನ್ನಾಗಿ ತಿನ್ನಲಿ ಎಂದರು. ಅಮ್ಮಿ ಅದನ್ನು ಮಾತ್ರೆಗಿಂತ ಗಟ್ಟಿಯಾಗಿ ಹಿಡಿದುಕೊಂಡರು. ಸಂತೆಯಿಂದ ತಂದ ಪಾಲಕ್ ಮರುದಿನಕ್ಕೇ ಬಾಡುತ್ತದೆ, ಮನೆಯಲ್ಲೇ ಇದ್ದರೆ ದಿನಾ ಕೊಯ್ಯಬಹುದು ಎಂಬುದು ಅವರ ಲೆಕ್ಕ. ಹೀಗೆ ಪಾಲಕ್, ಮೆಂತೆ, ಪುಂಡಿಪಲ್ಲೆ, ಬೆಂಡಿ, ಬದನಿ, ಟೊಮೆಟೊ, ಮೆಣಸಿನಕಾಯಿ ಎಲ್ಲವೂ ಮಾಳಿಗೆ ಸೇರಿದವು.

ಕಳೆದ ಮಳೆಗಾಲದಲ್ಲಿ ಗಜೇಂದ್ರಗಡದ ನಾನಿ ಮೆಣಸಿನ ಅಗಿ ಮಾಡಿದ್ದರು. ಅದರಲ್ಲಿ ಆರು ಅಗಿ ನಮ್ಮ ಮನೆಗೆ ಬಂದವು, ಆರು ನರಗುಂದದ ಖಾಲಾನ ಮನೆಗೆ ಹೋದವು, ಉಳಿದವು ನಾನಿಯ ಅಂಗಳದಲ್ಲೇ ಉಳಿದವು. ಒಂದೇ ಬೀಜ, ಒಂದೇ ದಿನ ನಾಟಿ. ಸೆಪ್ಟೆಂಬರ್ ಬರುವ ಹೊತ್ತಿಗೆ ನಮ್ಮ ಮನೆಯ ಗಿಡಗಳ ನೆತ್ತಿ ಹಳದಿಯಾಯಿತು. ಕೆಳಗಿನ ಎಲೆಗಳು ಕಡುಹಸಿರು, ಮೇಲಿನ ಎಳೆ ಎಲೆಗಳು ನಿಂಬೆಹಣ್ಣಿನ ಬಣ್ಣ. ಆದರೆ ಆ ಹಳದಿ ಎಲೆಯಲ್ಲೂ ನರಗಳು ಮಾತ್ರ ಹಸಿರಾಗಿದ್ದವು. ಬಿಳಿ ಬಟ್ಟೆಯ ಮೇಲೆ ಹಸಿರು ದಾರದಿಂದ ಬಲೆ ಹೆಣೆದಂತೆ.

ಮಾಳಿಗೆಯ ಗಿಡ ಹಳದಿಯಾದರೆ ಓಣಿಯವರೆಲ್ಲ ಡಾಕ್ಟರರಾಗುತ್ತಾರೆ. ಪಕ್ಕದ ಮನೆಯ ಕಾಕಾ ಗೋಡೆಯ ಆಚೆಯಿಂದಲೇ ನೋಡಿ, "ಅಕ್ಕಾರ, ಒಂದ ಮುಷ್ಟಿ ಯೂರಿಯಾ ಒಗೀರಿ, ವಾರದಾಗ ಹಸರ ಆಗ್ತಾವು" ಎಂದರು. ಗೊಬ್ಬರದ ಅಂಗಡಿಯಲ್ಲಿ ನೀರಿಗೆ ಬೆರೆಸುವ 19:19:19 ಪುಡಿ ಕೊಡುತ್ತೇವೆ ಎಂದರು. ಖಾಲಾ ಫೋನಿನಲ್ಲಿ ಎಪ್ಸಮ್ ಉಪ್ಪಿನ ವಿಡಿಯೊ ಕಳಿಸಿದರು. ಇನ್ನೊಬ್ಬರು ತತ್ತಿಯ ಸಿಪ್ಪೆ ಪುಡಿ ಮಾಡಿ ಹಾಕಲು ಹೇಳಿದರು. ಅಮ್ಮಿ ಎಲ್ಲರ ಮಾತನ್ನೂ ಕೇಳಿಕೊಂಡು ನನ್ನ ಕಡೆ ತಿರುಗಿದರು. ಅವರು ಉರ್ದುವಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಬರೆದರೆ ಹೀಗಾಗುತ್ತದೆ: "ನೀ ಸೈನ್ಸ್ ಓದಾಕತ್ತೀಯಲ್ಲ, ಇದಕ ಏನು ಕಡಿಮಿ ಆಗೇತಿ ಹೇಳು."

ನಾನು ಕಾಲೇಜಿನ ಗ್ರಂಥಾಲಯಕ್ಕೆ ಹೋದೆ. ಎನ್‌ಸಿಇಆರ್‌ಟಿ ಪ್ರಥಮ ಪಿಯುಸಿ ಜೀವಶಾಸ್ತ್ರದ ಹಳೆಯ ಮುದ್ರಣದಲ್ಲಿ 12ನೆಯ ಅಧ್ಯಾಯ ಸಸ್ಯಗಳ ಖನಿಜ ಪೋಷಣೆಯದು. ಪಠ್ಯದ ಭಾರ ಇಳಿಸುವಾಗ ಆ ಅಧ್ಯಾಯ ಹೊಸ ಮುದ್ರಣದಿಂದ ಹೊರಗೆ ಹೋಯಿತು, ಆದ್ದರಿಂದ ನಮ್ಮ ಬ್ಯಾಚಿನವರು ಅದನ್ನು ಓದಿಲ್ಲ. ಓದಬೇಕಾದ ಅಧ್ಯಾಯ ಅದು. ಗಿಡಕ್ಕೆ ಬೇಕೇ ಬೇಕಾದ ಧಾತುಗಳು 17. ಇವುಗಳಲ್ಲಿ ಕಾರ್ಬನ್, ಹೈಡ್ರೋಜನ್, ಆಕ್ಸಿಜನ್ ಗಾಳಿ ಮತ್ತು ನೀರಿನಿಂದ ಬರುತ್ತವೆ. ಉಳಿದವನ್ನು ಹೆಚ್ಚಾಗಿ ಬೇರು ಮಣ್ಣಿನಿಂದ ತರಬೇಕು. ಯಾವುದು ಕಡಿಮೆಯಾಗಿದೆ ಎಂದು ತಿಳಿಯಲು ಎಲೆಯ ಬಣ್ಣ ನೋಡುವ ಮೊದಲು ಆ ಎಲೆಯ ವಯಸ್ಸು ನೋಡಬೇಕು ಎಂಬುದು ಆ ಅಧ್ಯಾಯದಿಂದ ನಾನು ತಂದ ಮುಖ್ಯ ಮಾತು.

ಅದರ ಕಾರಣ ಸರಳ. ನೈಟ್ರೋಜನ್, ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಇವು ಗಿಡದೊಳಗೆ ಓಡಾಡುವ ಧಾತುಗಳು. ಕೊರತೆ ಬಂದಾಗ ಗಿಡ ಇವನ್ನು ಹಳೆಯ ಎಲೆಯಿಂದ ತೆಗೆದು ಹೊಸ ಎಲೆಗೆ ಕಳಿಸುತ್ತದೆ. ಮನೆಯಲ್ಲಿ ಜೋಳ ಕಡಿಮೆಯಾದರೆ ದಾದಿ ತನ್ನ ತಾಟಿನ ರೊಟ್ಟಿಯನ್ನು ಮೊಮ್ಮಗನಿಗೆ ಹಾಕುವಂತೆ. ಹೀಗಾಗಿ ಕೊರತೆಯ ಗುರುತು ಮೊದಲು ಕೆಳಗಿನ ಹಳೆ ಎಲೆಗಳಲ್ಲಿ ಕಾಣುತ್ತದೆ. ಕ್ಯಾಲ್ಸಿಯಂ, ಬೋರಾನ್, ಕಬ್ಬಿಣ ಇವು ಒಮ್ಮೆ ಕುಳಿತಲ್ಲಿಂದ ಏಳುವುದು ಬಹಳ ಕಡಿಮೆ. ಕಟ್ಟಿದ ಮನೆಯ ಗೋಡೆಯಿಂದ ಕಲ್ಲು ಕಿತ್ತು ಹೊಸ ಕೋಣೆ ಕಟ್ಟಲು ಬರುವುದಿಲ್ಲವಲ್ಲ, ಹಾಗೆ. ಇವು ಕಡಿಮೆಯಾದರೆ ಹಳೆ ಎಲೆ ಆರಾಮಾಗಿರುತ್ತದೆ, ಹೊಸದಾಗಿ ಬರುವ ಚಿಗುರು ಸೊರಗುತ್ತದೆ.

ಈ ಒಂದು ಸೂತ್ರ ಹಿಡಿದು ನಾನು 14 ಡಬ್ಬಿಗಳನ್ನೂ ನೋಡುತ್ತ ಬಂದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದನ್ನು ಇಲ್ಲಿ ಕೊಡುತ್ತೇನೆ, ನಿಮ್ಮ ಮನೆಯಲ್ಲೂ ಉಪಯೋಗಕ್ಕೆ ಬರಬಹುದು.

ಬದನಿ ಗಿಡದಲ್ಲಿ ಕೆಳಗಿನ ಎಲೆಗಳು ನರಸಹಿತ ಒಂದೇ ಸಮ ತಿಳಿ ಹಳದಿಯಾಗಿದ್ದವು, ಗಿಡವೂ ಗಿಡ್ಡ. ಅದು ನೈಟ್ರೋಜನ್ ಕೊರತೆ. ಡಬ್ಬಿಯಲ್ಲಿ ಇದು ಬೇಗ ಬರುತ್ತದೆ. ಏಕೆಂದರೆ ಮಣ್ಣು ಸ್ವಲ್ಪವೇ ಇರುತ್ತದೆ, ನಾವು ದಿನಾ ಹಾಕುವ ನೀರು ತಳದ ತೂತಿನಿಂದ ಹೋಗುವಾಗ ನೈಟ್ರೇಟನ್ನೂ ತೊಳೆದುಕೊಂಡು ಹೋಗುತ್ತದೆ. ಕಾಕಾ ಹೇಳಿದ ಯೂರಿಯಾ ಬದನಿಗೆ ಸರಿಯಾದ ಮದ್ದೇ. ಆದರೆ ಮುಷ್ಟಿಯ ಲೆಕ್ಕ ಹೊಲಕ್ಕೆ ಸರಿ, ಡಬ್ಬಿಗೆ ಚಮಚದ ಲೆಕ್ಕವೂ ಹೆಚ್ಚೇ, ಬೇರು ಸುಟ್ಟುಹೋಗುತ್ತದೆ. ಅಮ್ಮಿ ಕೊಳೆತ ಸೆಗಣಿ ಗೊಬ್ಬರವನ್ನೇ ಎರಡು ಬೊಗಸೆ ಹಾಕಿದರು.

ಟೊಮೆಟೊದಲ್ಲಿ ಕಾಯಿ ಹಿಡಿದ ಮೇಲೆ ಕೆಳಗಿನ ಹಳೆ ಎಲೆಗಳಲ್ಲಿ ನರ ಹಸಿರಾಗಿ ಉಳಿದು ನಡುವಿನ ಭಾಗ ಹಳದಿಯಾದರೆ ಅದು ಮೆಗ್ನೀಸಿಯಂ. ಖಾಲಾ ಹೇಳಿದ ಎಪ್ಸಮ್ ಉಪ್ಪು ಎಂದರೆ ಮೆಗ್ನೀಸಿಯಂ ಸಲ್ಫೇಟ್, ಅದು ಇಲ್ಲಿ ಕೆಲಸ ಮಾಡುತ್ತದೆ. ಹಳೆ ಎಲೆಯ ಅಂಚು ಸುಟ್ಟಂತೆ ಕಂದಾದರೆ ಪೊಟ್ಯಾಸಿಯಂ. ಎಲೆಯ ಬೆನ್ನು ನೇರಳೆ ಬಣ್ಣಕ್ಕೆ ತಿರುಗಿದರೆ ರಂಜಕ, ಆದರೆ ಚಳಿಗೂ ಟೊಮೆಟೊ ಎಲೆ ಹಾಗಾಗುತ್ತದೆ ಎಂಬುದನ್ನು ನೆನಪಿಡಬೇಕು. ಟೊಮೆಟೊ ಕಾಯಿಯ ತಳ ಕಪ್ಪಾಗಿ ಕುಸಿದರೆ ಕಾಯಿಗೆ ಕ್ಯಾಲ್ಸಿಯಂ ಮುಟ್ಟಿಲ್ಲ ಎಂದು ಅರ್ಥ. ನಮ್ಮ ಮಣ್ಣಿನಲ್ಲಿ ಕ್ಯಾಲ್ಸಿಯಂಗೇನೂ ಬರವಿಲ್ಲ. ಕ್ಯಾಲ್ಸಿಯಂ ನೀರಿನ ಜೊತೆಗೇ ಗಿಡದೊಳಗೆ ಏರುತ್ತದೆ, ಎರಡು ದಿನ ಒಣಗಿಸಿ ಮೂರನೆಯ ದಿನ ತುಂಬಿ ಹರಿಸಿದರೆ ಅದರ ಓಟ ಕಡಿಯುತ್ತದೆ. ಅಲ್ಲಿ ತತ್ತಿಯ ಸಿಪ್ಪೆಗಿಂತ ದಿನವೂ ಹದವಾಗಿ ನೀರು ಹಾಕುವುದು ಮೇಲು.

ಬೆಂಡಿಯಲ್ಲಿ ಕಂಡದ್ದು ಇವೆಲ್ಲಕ್ಕೂ ಉಲ್ಟಾ. ಅಲ್ಲಿ ನರಗಳೇ ಹಳದಿ, ನಡುವಿನ ಭಾಗ ಹಸಿರು. ಅದಕ್ಕೆ ಯಾವ ಗೊಬ್ಬರವೂ ಇಲ್ಲ, ಅದು ಬಿಳಿ ನೊಣ ಹರಡುವ ವೈರಸ್ಸಿನ ಹಳದಿ ನರ ರೋಗ. ಆ ಗಿಡವನ್ನು ಕಿತ್ತು ಹಾಕಿದೆವು. ಮೆಣಸಿನ ಎಲೆ ಮುದುಡಿದರೂ ಹೀಗೆಯೇ ಎಚ್ಚರ ಬೇಕು. ಎಲೆಯ ಅಂಚು ಮೇಲಕ್ಕೆ ದೋಣಿಯಂತೆ ಮಡಚಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್ ನುಸಿಯ ಕೆಲಸ, ಕೆಳಕ್ಕೆ ಮಡಚಿದ್ದರೆ ಮೈಟ್ ನುಸಿಯದು. ಹುಳದ ಕಾಟಕ್ಕೆ ಗೊಬ್ಬರ ಹಾಕಿದರೆ ಹುಳಕ್ಕೇ ಹಬ್ಬ.

ಈಗ ಮೆಣಸಿನ ಗಿಡಕ್ಕೆ ಬರೋಣ. ಹೊಸ ಎಲೆ ಹಳದಿ, ನರ ಹಸಿರು, ಹಳೆ ಎಲೆ ಆರಾಮ. ಪುಸ್ತಕದ ಪ್ರಕಾರ ಇದು ಕಬ್ಬಿಣದ ಕೊರತೆ. ಇದನ್ನು ಹೇಳಿದಾಗ ಅಮ್ಮಿ ನಕ್ಕುಬಿಟ್ಟರು. ಏಕೆಂದರೆ ಆ ಗಿಡಗಳಿದ್ದದ್ದು ತಗಡಿನ ಎಣ್ಣೆ ಡಬ್ಬಿಯಲ್ಲಿ. ಡಬ್ಬಿಯ ಒಳಮೈಯೆಲ್ಲ ತುಕ್ಕು, ಮುಟ್ಟಿದರೆ ಕೈಗೆ ಕೆಂಪು ಪುಡಿ ಹತ್ತುತ್ತಿತ್ತು. "ಕಬ್ಬಿಣದ ಡಬ್ಬಿಯೊಳಗ ಕುಂತು ಕಬ್ಬಿಣ ಇಲ್ಲಂತ ಅಳತೈತೇನು ಇದು?"

ಪ್ರಶ್ನೆ ನ್ಯಾಯವಾಗಿತ್ತು. ಡಬ್ಬಿಯನ್ನು ಬಿಡಿ, ಮಣ್ಣಿನಲ್ಲೇ ಕಬ್ಬಿಣ ಬೇಕಾದಷ್ಟಿದೆ. ಭೂಮಿಯ ಹೊರಪದರದಲ್ಲಿ ಹೇರಳವಾಗಿರುವ ಧಾತುಗಳ ಸಾಲಿನಲ್ಲಿ ಕಬ್ಬಿಣಕ್ಕೆ ನಾಲ್ಕನೆಯ ಸ್ಥಾನ, ತೂಕದಲ್ಲಿ ನೂರಕ್ಕೆ ಸುಮಾರು 5 ಪಾಲು. ಗಿಡಕ್ಕೆ ಬೇಕಾದದ್ದು ಎಳ್ಳಿನ ಕಾಳಿನಷ್ಟು. ಹಾಗಾದರೆ ಅದು ಸಿಗದೆ ಹೋಗುವುದು ಹೇಗೆ?

ಅದೇ ವಾರ ಗಜೇಂದ್ರಗಡಕ್ಕೆ ಹೋಗುವ ಪ್ರಸಂಗ ಬಂತು. ನಾನಿಯ ಅಂಗಳದ ಮೆಣಸಿನ ಗಿಡಗಳು ನೆತ್ತಿಯವರೆಗೂ ಹಸಿರು. ಅವರ ಮಣ್ಣು ಗುಡ್ಡದ ಸೆರಗಿನ ಕೆಂಪು ಮಸಾರಿ. ನರಗುಂದದ ಖಾಲಾನಿಂದ ಫೋಟೊ ತರಿಸಿದೆ. ಅವರದು ನಮ್ಮಂತೆಯೇ ಎರಿ ಮಣ್ಣು, ಗಿಡಗಳ ನೆತ್ತಿ ಹಳದಿ, ಆದರೆ ನಮ್ಮಷ್ಟಲ್ಲ. ಅವರು ಹಾಕುವುದು ನಲ್ಲಿಯ ನೀರು, ನಾವು ಹಾಕುವುದು ಬೋರಿನ ನೀರು. ಹಾಗಾದರೆ ದೋಷ ಮಣ್ಣಿನದೋ ನೀರಿನದೋ ಎಂಬ ಪ್ರಶ್ನೆ ಎದ್ದಿತು.

ನಮ್ಮ ಜೀವಶಾಸ್ತ್ರದ ಸರ್ ಹತ್ತಿರ ಕೇಳಿದೆ. ಅವರು ಉತ್ತರ ಹೇಳಲಿಲ್ಲ. "ಎರಡನ್ನೂ ಬೇರೆ ಬೇರೆ ಮಾಡಿ ನೋಡು" ಎಂದರು. ನಾನಿಯ ಮನೆಯಿಂದ ಎರಡು ಚೀಲ ಮಸಾರಿ ಮಣ್ಣು ತಂದೆ. ನಾಲ್ಕು ಬಕೆಟ್ಟು ಹೊಂದಿಸಿದೆ: ಎರಿ ಮಣ್ಣಿಗೆ ಬೋರಿನ ನೀರು, ಎರಿ ಮಣ್ಣಿಗೆ ಮಳೆ ನೀರು, ಮಸಾರಿಗೆ ಬೋರಿನ ನೀರು, ಮಸಾರಿಗೆ ಮಳೆ ನೀರು. ಮಳೆ ನೀರನ್ನು ಮಾಳಿಗೆಯ ಕೊಳವೆಯ ಕೆಳಗೆ ಡ್ರಮ್ಮು ಇಟ್ಟು ಹಿಡಿದೆವು. ನಾಲ್ಕಕ್ಕೂ ಒಂದೇ ಅಳತೆಯ ಗೊಬ್ಬರ, ಒಂದೇ ಎತ್ತರದ ಅಗಿ, ದಿನಕ್ಕೆ ಒಂದೇ ಚೊಂಬು ನೀರು.

ಎಂಟು ವಾರದ ಮೇಲೆ ಎರಿ ಮಣ್ಣು ಮತ್ತು ಬೋರಿನ ನೀರಿನ ಗಿಡ ಎಲ್ಲಕ್ಕಿಂತ ಹಳದಿಯಾಗಿತ್ತು, ಎಳೆ ಎಲೆಗಳು ಬಿಳಿಚಿಕೊಂಡಿದ್ದವು. ಎರಿ ಮಣ್ಣಿಗೆ ಮಳೆ ನೀರು ಹಾಕಿದ್ದು ಸ್ವಲ್ಪ ಹಳದಿ. ಮಸಾರಿಗೆ ಮಳೆ ನೀರು ಹಾಕಿದ್ದು ಪೂರ್ತಿ ಹಸಿರು. ನನಗೆ ಆಶ್ಚರ್ಯ ತಂದದ್ದು ನಾಲ್ಕನೆಯದು. ಮಸಾರಿಗೆ ಬೋರಿನ ನೀರು ಹಾಕಿದ ಗಿಡ ಆರು ವಾರ ಹಸಿರಾಗಿದ್ದು, ಆಮೇಲೆ ನೆತ್ತಿಯಲ್ಲಿ ಹಳದಿ ತಿರುಗತೊಡಗಿತು. ಒಂದೊಂದೇ ಗಿಡ ಇಟ್ಟು ಮಾಡಿದ್ದನ್ನು ಪುರಾವೆ ಎನ್ನಲಾಗದು, ಪ್ರತಿಯೊಂದಕ್ಕೂ ಕನಿಷ್ಠ ಮೂರಾದರೂ ಇರಬೇಕು ಎಂದು ಸರ್ ಹೇಳಿದರು. ಆದರೂ ಮುಂದೆ ಎಲ್ಲಿ ಹುಡುಕಬೇಕು ಎಂಬುದು ಅದರಿಂದ ತಿಳಿಯಿತು.

ಉಳಿದದ್ದು ರಸಾಯನಶಾಸ್ತ್ರದ ಲ್ಯಾಬಿನಲ್ಲಿ ನಡೆಯಿತು. ಮೇಡಂ ಎದುರಿನಲ್ಲೇ ಎರಿ ಮಣ್ಣಿನ ಮೇಲೆ ನಾಲ್ಕು ಹನಿ ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟೆವು. ಸೋಡಾ ಬಾಟಲಿ ತೆರೆದಂತೆ ಬುಸ್ ಎಂದು ನೊರೆ ಬಂತು. ಮಸಾರಿ ಮಣ್ಣು ಸುಮ್ಮನೆ ಒದ್ದೆಯಾಯಿತು. ನೊರೆ ಎಂದರೆ ಕಾರ್ಬನ್ ಡೈಆಕ್ಸೈಡ್, ಅಂದರೆ ಎರಿ ಮಣ್ಣಿನಲ್ಲಿ ಸುಣ್ಣ ಇದೆ. ಹೊಲ ಹರಗುವಾಗ ಬಿಳಿ ಸುಣ್ಣದ ಹರಳು ಮೇಲೆ ಬರುವುದನ್ನು ನಮ್ಮ ಭಾಗದ ರೈತರ ಮಕ್ಕಳೆಲ್ಲ ನೋಡಿದ್ದೀರಿ, ಅದೇ ಇದು. ಬಣ್ಣದ ಬಕೆಟ್ಟಿನ ಅಂಚಿಗೆ ಕಟ್ಟಿದ್ದ ಬಿಳಿ ಪೊರೆಯನ್ನೂ ಕೆರೆದು ಒಯ್ದಿದ್ದೆ, ಅದೂ ನೊರೆಯಾಡಿತು. ಮಸಾರಿ ಮಣ್ಣಿನಲ್ಲಿ ಇಲ್ಲದ ಸುಣ್ಣವನ್ನು ನಾವೇ ದಿನಾ ಚೊಂಬಿನಲ್ಲಿ ಹೊತ್ತು ಹಾಕುತ್ತಿದ್ದೆವು.

ಎಷ್ಟು ಎಂದು ಲೆಕ್ಕ ಹಾಕಿ ನೋಡಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 10500 ನಿಯಮದಲ್ಲಿ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದ ಕಡೆ 600ರವರೆಗೂ ನಡೆಯುತ್ತದೆ. ನೀರು 600ರದ್ದು, ದಿನಕ್ಕೆ ಎರಡು ಲೀಟರ್ ಹಾಕುತ್ತೇವೆ ಎಂದುಕೊಳ್ಳಿ. ದಿನಕ್ಕೆ 1.2 ಗ್ರಾಂ, ನೂರು ದಿನಕ್ಕೆ 120 ಗ್ರಾಂ. ಗಡಸುತನವೆಲ್ಲ ಸುಣ್ಣವಾಗಿ ಮಣ್ಣಿನಲ್ಲಿ ಕೂರುವುದಿಲ್ಲ ನಿಜ, ಆದರೆ ಅರ್ಧ ಕೂತರೂ ಒಂದು ಬಕೆಟ್ಟಿನ ಮಣ್ಣಿಗೆ ಅದು ಸಣ್ಣ ಮಾತಲ್ಲ. ಹೊಲದ ಮಣ್ಣು ಆಳವಾಗಿರುತ್ತದೆ, ಮಳೆ ಬಂದು ತೊಳೆಯುತ್ತದೆ. ಡಬ್ಬಿಯಲ್ಲಿ ನೀರು ಆವಿಯಾಗಿ ಮೇಲೆ ಹೋಗುತ್ತದೆ, ಸುಣ್ಣ ಒಳಗೇ ಉಳಿಯುತ್ತದೆ.

ಸುಣ್ಣ ಸೇರಿದಂತೆ ಮಣ್ಣಿನ ಪಿಎಚ್ ಏರುತ್ತದೆ. ನಮ್ಮ ಎರಿ ಮಣ್ಣನ್ನು ನೀರಿನಲ್ಲಿ ಕಲಸಿ ಪಿಎಚ್ ಪಟ್ಟಿ ಅದ್ದಿದಾಗ ಬಣ್ಣ 8 ಮತ್ತು 9ರ ನಡುವೆ ನಿಂತಿತು. ಮಸಾರಿ 7ರ ಹತ್ತಿರ. ಮಣ್ಣಿನ ಕಬ್ಬಿಣ ಬಹುಪಾಲು ಫೆರಿಕ್ ರೂಪದ್ದು, ತುಕ್ಕಿನ ಜಾತಿಯದು. ಪಿಎಚ್ ಒಂದು ಅಂಕಿ ಏರಿದರೆ ಫೆರಿಕ್ ಕಬ್ಬಿಣ ನೀರಿನಲ್ಲಿ ಕರಗುವ ಪ್ರಮಾಣ ಸುಮಾರು ಸಾವಿರ ಪಟ್ಟು ಇಳಿಯುತ್ತದೆ. ಅಮ್ಮಿಯ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಡಬ್ಬಿಯಲ್ಲಿ ಕಬ್ಬಿಣವಿದೆ, ಮಣ್ಣಿನಲ್ಲಿ ಕಬ್ಬಿಣವಿದೆ, ಆದರೆ ಬೇರು ಕುಡಿಯುವ ನೀರಿನಲ್ಲಿ ಇಲ್ಲ. ಕಣಜಕ್ಕೆ ಬೀಗ ಹಾಕಿದ ಮನೆಯಲ್ಲಿ ಉಪವಾಸ ಬಿದ್ದಂತೆ.

ಗಿಡವೂ ಸುಮ್ಮನೆ ಕೂರುವುದಿಲ್ಲ. ಮೆಣಸಿನಕಾಯಿ, ಟೊಮೆಟೊ, ಶೇಂಗಾದಂಥ ದ್ವಿದಳ ಸಸ್ಯಗಳ ಬೇರು ಕಬ್ಬಿಣ ಸಿಗದಿದ್ದಾಗ ತಾನೇ ಆಮ್ಲವನ್ನು ಹೊರಗೆ ಬಿಟ್ಟು ಸುತ್ತಲಿನ ಕಬ್ಬಿಣವನ್ನು ಕರಗಿಸಲು ನೋಡುತ್ತದೆ, ಫೆರಿಕ್ಕನ್ನು ಫೆರಸ್ ಮಾಡಿ ಒಳಗೆ ಎಳೆದುಕೊಳ್ಳುತ್ತದೆ. ಆದರೆ ಗಡಸು ನೀರಿನ ಬೈಕಾರ್ಬನೇಟ್ ಆ ಆಮ್ಲವನ್ನು ಅಲ್ಲಿಂದಲ್ಲಿಗೇ ತಟಸ್ಥ ಮಾಡಿಬಿಡುತ್ತದೆ. ಗಿಡ ತೆಗೆದ ಬೀಗವನ್ನು ನಾವು ಬೆಳಿಗ್ಗೆ ಎದ್ದು ಮತ್ತೆ ಹಾಕುತ್ತೇವೆ.

ಖಾತ್ರಿಗೆ ಇನ್ನೊಂದು ಪರೀಕ್ಷೆ ಇದೆ, ಇದನ್ನು ಯಾರು ಬೇಕಾದರೂ ಮಾಡಬಹುದು. ಒಂದು ಲೀಟರ್ ಮಳೆ ನೀರಿಗೆ 5 ಗ್ರಾಂ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಜೊತೆಗೆ 1 ಗ್ರಾಂ ನಿಂಬೆ ಉಪ್ಪು. ನಿಂಬೆ ಉಪ್ಪು ಎಂದರೆ ಸಿಟ್ರಿಕ್ ಆಮ್ಲ, ಅದು ಕಬ್ಬಿಣವನ್ನು ಕರಗಿದ ರೂಪದಲ್ಲೇ ಹಿಡಿದಿಡುತ್ತದೆ. ಹಳದಿ ಎಲೆಯೊಂದನ್ನು ಆರಿಸಿ, ಸಂಜೆ ಹೊತ್ತು, ನಡುನರದ ಎಡಭಾಗಕ್ಕೆ ಮಾತ್ರ ಬ್ರಷ್ಷಿನಿಂದ ಹಚ್ಚಬೇಕು. ನಾನು ಹಚ್ಚಿದ ಎಲೆ ಎಂಟನೆಯ ದಿನಕ್ಕೆ ಎಡಗಡೆ ಹಸಿರು, ಬಲಗಡೆ ಹಳದಿ. ಆ ಎಲೆಯನ್ನು ಓಣಿಯವರೆಲ್ಲ ಬಂದು ನೋಡಿದರು. ಕಾಕಾ ಬಹಳ ಹೊತ್ತು ಹಿಡಿದುಕೊಂಡು ನೋಡಿ, "ಇದಕ್ಕ ಯೂರಿಯಾ ಹಾಕಿದ್ರ ದುಡ್ಡ ನೀರಾಗ ಹೋಗತಿತ್ತು" ಎಂದರು.

ಈ ಉಪಾಯ ನನ್ನದಲ್ಲ, ಬಹಳ ಹಳೆಯದು. 1840ರ ದಶಕದಲ್ಲಿ ಫ್ರಾನ್ಸಿನ ಯೂಸೆಬ್ ಗ್ರಿ ಎಂಬ ವಿಜ್ಞಾನಿ ಹಳದಿಯಾದ ಗಿಡಗಳಿಗೆ ಕಬ್ಬಿಣದ ಲವಣ ಕೊಟ್ಟು ಮತ್ತೆ ಹಸಿರು ಬರಿಸಿ ತೋರಿಸಿದರು. ಎಲೆ ಹೀಗೆ ಹಳದಿಯಾಗುವುದಕ್ಕೆ ಕ್ಲೋರೋಸಿಸ್ ಎಂದು ಹೆಸರು. ಆ ಕಾಲದ ಯುರೋಪಿನ ವೈದ್ಯರು ಇದೇ ಕ್ಲೋರೋಸಿಸ್ ಎಂಬ ಹೆಸರನ್ನು ಇನ್ನೊಂದಕ್ಕೂ ಬಳಸುತ್ತಿದ್ದರು: ಹರೆಯದ ಹುಡುಗಿಯರು ರಕ್ತ ಕಡಿಮೆಯಾಗಿ ಬಿಳಿಚಿಕೊಳ್ಳುವ ಕಾಯಿಲೆಗೆ.

ಇದನ್ನು ಓದಿದ ದಿನ ನನಗೆ ಆಪಾಳ ಮಾತ್ರೆಯ ನೆನಪಾಯಿತು. ಆಪಾ ಮಾತ್ರೆ ತಪ್ಪಿಸುತ್ತಿರಲಿಲ್ಲ. ಮಾಳಿಗೆಯ ಪಾಲಕ್ ಸವಳು ನೀರನ್ನೂ ತಡೆದು ಹುಲುಸಾಗಿ ಬೆಳೆದಿತ್ತು, ಅದನ್ನೂ ತಿನ್ನುತ್ತಿದ್ದಳು. ಆದರೂ ಎರಡನೆಯ ಪರೀಕ್ಷೆಯಲ್ಲಿ 8.6 ಇದ್ದದ್ದು 9.0 ಆಗಿತ್ತು, ಅಷ್ಟೆ. ಬರೀ ಹೊಟ್ಟೆಗೆ ಸಂಕಟವಾಗುತ್ತದೆ ಎಂದು ಆಕೆ ಮಾತ್ರೆಯನ್ನು ಬೆಳಗಿನ ಚಹಾದ ಜೊತೆ ನುಂಗುತ್ತಿದ್ದಳು. ಚಹಾದಲ್ಲಿನ ಒಗರಿನ ಅಂಶ ಕಬ್ಬಿಣವನ್ನು ಕಟ್ಟಿಹಾಕುತ್ತದೆ, ಕರುಳು ಅದನ್ನು ಹೀರಲು ಬರುವುದಿಲ್ಲ. ಪಾಲಕ್ಕಿನಲ್ಲಿ ಕಬ್ಬಿಣವಿದ್ದರೂ ನಮ್ಮ ಕರುಳಿಗೆ ದಕ್ಕುವುದು ಅದರ ಸಣ್ಣ ಪಾಲು. ನಮ್ಮ ಕರುಳೂ ಮೆಣಸಿನ ಬೇರಿನಂತೆಯೇ ಊಟದ ಫೆರಿಕ್ ಕಬ್ಬಿಣವನ್ನು ಫೆರಸ್ ಮಾಡಿ ಒಳಗೆ ಬಿಟ್ಟುಕೊಳ್ಳುತ್ತದೆ, ಆ ಕೆಲಸಕ್ಕೆ ನಿಂಬೆ, ನೆಲ್ಲಿ, ಪೇರಲದ ವಿಟಮಿನ್ ಸಿ ನೆರವಾಗುತ್ತದೆ. ಅಲ್ಲಿ ಸುಣ್ಣ ಹಾಕಿದ ಬೀಗವನ್ನು ಇಲ್ಲಿ ಚಹಾ ಹಾಕುತ್ತಿತ್ತು.

ನಾನು ಇದನ್ನು ನಮ್ಮ ಓಣಿಗೆ ಬರುವ ಆರೋಗ್ಯ ಕಾರ್ಯಕರ್ತೆಯವರನ್ನು ಕೇಳಿ ಖಾತ್ರಿ ಮಾಡಿಕೊಂಡೆ. ಮಾತ್ರೆಯನ್ನು ಚಹಾದಿಂದ ಒಂದೆರಡು ಗಂಟೆ ದೂರ ಇಡಬೇಕು, ಹೊಟ್ಟೆ ಸಂಕಟವಾದರೆ ಊಟವಾದ ಮೇಲೆ ನಿಂಬೆ ಶರಬತ್ತಿನ ಜೊತೆ ತೆಗೆದುಕೊಳ್ಳಬಹುದು, ಡಾಕ್ಟರನ್ನು ಕೇಳದೆ ಪ್ರಮಾಣ ಬದಲಿಸಬಾರದು ಎಂದರು. ಈಗ ಆಪಾ ಮಾತ್ರೆಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡಿದ್ದಾಳೆ. ರಂಜಾನಿನಲ್ಲಿ ಇಫ್ತಾರಿನ ಶರಬತ್ತಿನ ಜೊತೆ ಮಾತ್ರೆ, ಚಹಾ ತರಾವೀಹ್ ಮುಗಿದ ಮೇಲೆ ಎಂದು ಅಮ್ಮಿ ಈಗಲೇ ವೇಳಾಪಟ್ಟಿ ಹಾಕಿದ್ದಾರೆ. ಮೂರನೆಯ ಪರೀಕ್ಷೆಯಲ್ಲಿ 10.8 ಬಂತು. ಇನ್ನೂ 12 ಮುಟ್ಟಬೇಕು.

ಇದನ್ನು ಮನೆಯ ಮಾತು ಎಂದು ಬಿಡಬಹುದಿತ್ತು. ಬರೆಯಲು ಆಪಾಳೇ ಒಪ್ಪಿಗೆ ಕೊಟ್ಟಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಅಂದರೆ ನಮ್ಮ ತರಗತಿಯ ಬೆಂಚುಗಳಲ್ಲೂ ಇದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುತ್ತಿದ್ದ ನೀಲಿ ಮಾತ್ರೆ ನಿಮಗೆ ನೆನಪಿರಬಹುದು. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಕೊಟ್ಟರೆ ಸಾಲದು, ಅದು ರಕ್ತಕ್ಕೆ ಸೇರುವ ದಾರಿಯೂ ತೆರೆದಿರಬೇಕು.

ಮಾಳಿಗೆಯ ಮೇಲೆ ಈಗ ಏನು ಮಾಡುತ್ತಿದ್ದೇವೆ ಎಂದರೆ: ಎರಿ ಮಣ್ಣಿಗೆ ಅರ್ಧದಷ್ಟು ಮಸಾರಿ, ಕಾಲು ಭಾಗ ಚೆನ್ನಾಗಿ ಕೊಳೆತ ಗೊಬ್ಬರ ಬೆರೆಸಿದ್ದೇವೆ. ಡಬ್ಬಿಯ ತಳಕ್ಕೆ ತೂತು ದೊಡ್ಡದು ಮಾಡಿ ಇಟ್ಟಂಗಿಯ ಮೇಲೆ ಕೂರಿಸಿದ್ದೇವೆ. ಮಳೆ ಬಂದಾಗ ಡ್ರಮ್ಮು ತುಂಬಿಸಿ, ಆ ನೀರನ್ನು ಮೆಣಸಿನಕಾಯಿ ಮತ್ತು ಟೊಮೆಟೊಕ್ಕೆ ಮೀಸಲು ಇಟ್ಟಿದ್ದೇವೆ. ವಜೂ ಮಾಡಿದ ನೀರು ಪಾಲಕ್ಕಿಗೆ ಹೋಗುತ್ತದೆ. ಅನ್ನಭೇದಿಯ ಸಿಂಪಡಣೆ ಎರಡು ವಾರಕ್ಕೊಮ್ಮೆ. ಅದನ್ನು ಆಗಿಂದಾಗಲೇ ಕಲಸಬೇಕು, ಕಂದು ಬಣ್ಣಕ್ಕೆ ತಿರುಗಿದರೆ ಚೆಲ್ಲಬೇಕು, ಮೊದಲು ಒಂದೇ ಎಲೆಗೆ ಹಚ್ಚಿ ಸುಡುವುದಿಲ್ಲ ಎಂದು ನೋಡಬೇಕು. ಕಬ್ಬಿಣ ಓಡಾಡದ ಧಾತುವಾದ್ದರಿಂದ ಸಿಂಪಡಿಸಿದ ಎಲೆ ಮಾತ್ರ ಹಸಿರಾಗುತ್ತದೆ, ಮುಂದೆ ಬರುವ ಎಲೆಗೆ ಮಣ್ಣೇ ಸರಿಯಾಗಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ವೆಜಿಟೆಬಲ್ ಸ್ಪೆಷಲ್ ಎಂಬ ಸೂಕ್ಷ್ಮ ಪೋಷಕಾಂಶದ ಮಿಶ್ರಣವೂ ಸಿಗುತ್ತದೆ. ಬೆಳೆಗೆ ತಕ್ಕ ಪ್ರಮಾಣ ಪೊಟ್ಟಣದ ಮೇಲೇ ಇರುತ್ತದೆ.

ಹೊಲ ಇರುವ ಮನೆಯವರಿಗೂ ಒಂದು ಮಾತು. ಸುಣ್ಣ ಹೆಚ್ಚಿರುವ ಎರಿ ನೆಲದಲ್ಲಿ ಶೇಂಗಾದ ನೆತ್ತಿ ಹಳದಿಯಾಗುವುದೂ ಇದೇ ಕಥೆ. ಮಲಪ್ರಭಾ ಕಾಲುವೆಯ ಕೆಳಗಿನ ಎರಿ ನೆಲಗಳಲ್ಲಿ ಸವಳು ಜವಳು ಕಂಡವರಿಗೆ ನೀರಿನ ಜೊತೆ ಬರುವ ಲವಣದ ಕೆಲಸ ಹೊಸದಾಗಿ ಹೇಳಬೇಕಿಲ್ಲ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿರುತ್ತವೆ. ಅಪ್ಪ ಅಜ್ಜ ಅದರಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಮೂರನ್ನೇ ನೋಡಿ ಮಡಚಿಡುತ್ತಾರೆ. ನೀವು ಅದನ್ನು ಬಿಚ್ಚಿ ಪಿಎಚ್ ಎಷ್ಟು, ಕಬ್ಬಿಣ ಮತ್ತು ಸತುವಿನ ಮುಂದೆ ಏನು ಬರೆದಿದೆ ಎಂದು ಓದಿ ಹೇಳಿ. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ ನಮ್ಮ ಜಿಲ್ಲೆಯಲ್ಲೇ ಇದೆ. ಹೋಬಳಿಯಲ್ಲಿ ರೈತ ಸಂಪರ್ಕ ಕೇಂದ್ರವಿದೆ.

ನಿಮ್ಮ ಮನೆಯ ಗಿಡ ಹಳದಿಯಾದರೆ ಗೊಬ್ಬರ ತರುವ ಮುಂಚೆ ಈ ಕ್ರಮದಲ್ಲಿ ನೋಡಿ. ಎಲೆ ಹಳೆಯದೋ ಹೊಸದೋ. ನರ ಹಸಿರೋ ಹಳದಿಯೋ. ಎಲೆಯ ಹಿಂದೆ ಹುಳ ಇದೆಯೋ. ಡಬ್ಬಿಯ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದೆಯೋ. ಆಮೇಲೆ ಕಡಿಮೆಯಾದದ್ದು ಏನು ಎಂದು ಕೇಳಿ, ಅದು ಇದ್ದೂ ದಕ್ಕದಂತೆ ತಡೆದದ್ದು ಏನು ಎಂದೂ ಕೇಳಿ. ಒಂದು ಹಳೆ ಎಲೆ, ಒಂದು ಹೊಸ ಎಲೆ, ಎರಡಕ್ಕೂ ಬೇರೆ ಬೇರೆ ಬಣ್ಣದ ದಾರ ಕಟ್ಟಿ, ಒಂದು ಹಿಡಿ ಮಣ್ಣಿನ ಜೊತೆ ಜೀವಶಾಸ್ತ್ರದ ಲ್ಯಾಬಿಗೆ ತನ್ನಿ. ಶನಿವಾರ ತರಗತಿ ಮುಗಿದ ಮೇಲೆ ಅರ್ಧ ತಾಸು ಲ್ಯಾಬ್ ತೆರೆದಿಡಲು ಸರ್ ಒಪ್ಪಿದ್ದಾರೆ. ಈ ಸಲ ಪ್ರತಿಯೊಂದಕ್ಕೂ ಮೂರು ಗಿಡ ಇಡುವಷ್ಟು ಬಕೆಟ್ಟು ಬೇಕಾಗಿದೆ. ಮನೆಗೆ ಬಣ್ಣ ಹೊಡೆಸಿದವರು ಖಾಲಿ ಬಕೆಟ್ಟು ಎಸೆಯಬೇಡಿ.